ಅಂಬಾಸಿಡರ್‌ಗೆ ಯಾವ ಎಂಜಿನ್ ಹಾಕಿಸಬೇಕು? ಹಾರ್ಸ್‌ಪವರ್ ಲೆಕ್ಕ ಕೊನೆಗೆ ನೋಡೋಣ

ಹಳೆಯ ಅಂಬಾಸಿಡರ್ ಇಟ್ಟುಕೊಂಡ ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ: "ಎಂಜಿನ್ ಬದಲಾಯಿಸಿದರೆ ಹೇಗೆ?" ಶಿರಾಡಿ ಘಾಟಿ ಹತ್ತುವಾಗ ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆದರೆ ಈ ಆಸೆ ಹುಟ್ಟುವುದು ಸಹಜವೇ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಎಂಬತ್ತು ದಾಟುತ್ತಿದ್ದಂತೆ ಬಾನೆಟ್ ಒಳಗಿಂದ ಗೋಳು ಕೇಳಿಸಿದರೂ ಅಷ್ಟೇ.

ಗ್ಯಾರೇಜಿನಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರು ಇಸುಜು ಅಂತಾರೆ, ಇನ್ನೊಬ್ಬರು ಮಾರುತಿ ಜಿಪ್ಸಿ ಎಂಜಿನ್ ಅಂತಾರೆ, ಮತ್ತೊಬ್ಬರು ಡೀಸೆಲ್ ಹಾಕಿಸಿ ಆರಾಮಾಗಿರಿ ಅಂತಾರೆ. ಎಲ್ಲರೂ ಮೊದಲು ಹೇಳುವುದು ಎಷ್ಟು ಹಾರ್ಸ್‌ಪವರ್ ಅನ್ನುವುದನ್ನೇ. ನನ್ನ ಪ್ರಕಾರ ಅದು ಕೊನೆಯ ಪ್ರಶ್ನೆ. ಆರ್‌ಸಿ ಏನು ಹೇಳುತ್ತದೆ, ಗೇರ್‌ಬಾಕ್ಸ್ ಯಾವುದು ಬರುತ್ತದೆ, ಬ್ರೇಕ್ ತಡೆಯುತ್ತದಾ ಎನ್ನುವ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಎಂಜಿನ್ ತಾನಾಗಿ ಆಯ್ಕೆಯಾಗುತ್ತದೆ.

ಕಾಗದದಿಂದ ಶುರು ಮಾಡಿ

ಇದನ್ನು ಮೊದಲು ಹೇಳಲು ಕಾರಣ ಇದೆ. ಅರ್ಧ ಆಯ್ಕೆಗಳು ಇಲ್ಲೇ ಉದುರಿ ಹೋಗುತ್ತವೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೇರವಾಗಿದೆ. ಆರ್‌ಸಿಯಲ್ಲಿರುವ ವಿವರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಎಂಜಿನ್ ಕೆಟ್ಟರೆ ಅದೇ ಕಂಪನಿಯ, ಅದೇ ಮಾದರಿಯ ಇನ್ನೊಂದನ್ನು ಆರ್‌ಟಿಓ ಒಪ್ಪಿಗೆ ಪಡೆದು ಹಾಕಬಹುದು. ಹೊಸ ಎಂಜಿನ್ನಿನ ನಂಬರ್ ಆರ್‌ಸಿಗೆ ಏರಬೇಕು. ಸಿಎನ್‌ಜಿ, ಎಲ್‌ಪಿಜಿ ಅಥವಾ ಬ್ಯಾಟರಿಗೆ ಬದಲಾಗಲು ಮಾನ್ಯತೆ ಪಡೆದ ಕಿಟ್ ಮೂಲಕ ದಾರಿ ಇದೆ. "ನನಗೆ ಪಿಕಪ್ ಸಾಲದು" ಎಂಬ ಕಾರಣಕ್ಕೆ ಬೇರೆ ಕಂಪನಿಯ ಎಂಜಿನ್ ತೂರಿಸಲು ಇಂಥ ಸಲೀಸು ದಾರಿ ಇಲ್ಲ.

"ಯಾರು ನೋಡ್ತಾರೆ ಬಿಡಿ" ಅನ್ನುವವರಿದ್ದಾರೆ. ನೋಡುತ್ತಾರೆ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಲ್ವಾ? ಆಗ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿ ನಂಬರ್ ಹೋಲಿಸುತ್ತಾರೆ. ಅಪಘಾತವಾದರೆ ವಿಮೆ ಕಂಪನಿಯ ಸರ್ವೇಯರ್ ನೋಡುವುದೂ ಅದನ್ನೇ. ಕ್ಲೇಮ್ ತಳ್ಳಿಹಾಕಲು ನಾವೇ ಕಾರಣ ಒದಗಿಸಿದ ಹಾಗಾಗುತ್ತದೆ.

ನಿಮ್ಮ ಗಾಡಿಗೆ ಐವತ್ತು ತುಂಬಿದ್ದರೆ ಲೆಕ್ಕವೇ ಬೇರೆ. 2021ರ ಜುಲೈಯಲ್ಲಿ ಬಂದ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಕಳೆದ ಖಾಸಗಿ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ, ನಂಬರ್ ಪ್ಲೇಟಿನಲ್ಲಿ 'ವಿಎ' ಎಂದು ಬರುತ್ತದೆ. ಆದರೆ ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹಾಗಾಗಿ ಅಂಬಾಸಿಡರ್‌ನ ಮೊದಮೊದಲ ಮಾದರಿಗಳಾದ ಮಾರ್ಕ್ 1 ಅಥವಾ ಮಾರ್ಕ್ 2 ಇಟ್ಟವರಿಗೆ ನನ್ನದು ಒಂದೇ ಮಾತು: ಎಂಜಿನ್ ಬದಲಿಸುವ ಯೋಚನೆ ಬಿಡಿ. ಇವತ್ತು ಇಪ್ಪತ್ತೈದು ಹಾರ್ಸ್‌ಪವರ್ ಆಸೆಗೆ ಆ ಹಕ್ಕನ್ನು ಕಳೆದುಕೊಳ್ಳುವುದು ನಷ್ಟದ ವ್ಯಾಪಾರ. ಒಂದು ಮಾತು: ವಿಂಟೇಜ್ ನೋಂದಣಿಯ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ.

ಇರುವ ಎಂಜಿನ್ನನ್ನೇ ಸರಿಮಾಡಿಸುವುದು

ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್ 2014ರವರೆಗೂ ಇದನ್ನು ಕಟ್ಟಿತು. ಹೆಚ್ಚಿನ ಹಳೆಯ ಗಾಡಿಗಳಲ್ಲಿರುವುದು ಬಿಎಂಸಿ ಎಂಬ ಬ್ರಿಟಿಷ್ ಕಂಪನಿಯ ಬಿ-ಸೀರೀಸ್ ಪೆಟ್ರೋಲ್ ಎಂಜಿನ್: 1489 ಸಿಸಿ, ಸುಮಾರು 50 ಹಾರ್ಸ್‌ಪವರ್. ಗಾಡಿಯ ತೂಕ ಒಂದು ಟನ್‌ಗೂ ಜಾಸ್ತಿ. ಲೆಕ್ಕದಲ್ಲಿ ಇದು ಕಡಿಮೆಯೇ, ಒಪ್ಪುತ್ತೇನೆ.

ಆದರೆ ರಸ್ತೆಯಲ್ಲಿರುವ ಎಷ್ಟೋ ಅಂಬಾಸಿಡರ್‌ಗಳು ಆ ಐವತ್ತನ್ನೂ ಕೊಡುತ್ತಿಲ್ಲ. ರಿಂಗ್ ಸವೆದಿರುತ್ತದೆ, ವಾಲ್ವ್ ಕೂರುವುದಿಲ್ಲ, ಡಿಸ್ಟ್ರಿಬ್ಯೂಟರ್ ಒಳಗೆ ಕಿಡಿಯ ಸಮಯ ಹೊಂದಿಸುವ ಅಡ್ವಾನ್ಸ್ ತೂಕಗಳು ತುಕ್ಕು ಹಿಡಿದು ಅಂಟಿಕೊಂಡಿರುತ್ತವೆ. ಹಿಂದಿನ ಬ್ರೇಕ್ ಶೂ ಡ್ರಮ್‌ಗೆ ಉಜ್ಜುತ್ತಲೇ ಓಡುವ ಗಾಡಿಗಳೂ ಉಂಟು. ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಒಬ್ಬರೇ ತಳ್ಳಿ ನೋಡಿ. ಒಬ್ಬರಿಂದ ಅಲುಗದಿದ್ದರೆ ನಿಮ್ಮ ಹಾರ್ಸ್‌ಪವರ್ ಎಲ್ಲಿ ಹೋಗುತ್ತಿದೆ ಎಂದು ಗೊತ್ತಾಯಿತು. ಆಮೇಲೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ಒಂದೇ ಅಂಕಿ ತೋರಿಸಬೇಕು. ಒಂದು ತೀರಾ ಕೆಳಗಿದ್ದರೆ ಆ ಸಿಲಿಂಡರ್‌ಗೆ ಸ್ವಲ್ಪ ಆಯಿಲ್ ಹಾಕಿ ಮತ್ತೆ ಅಳೆಯಲಿ. ಅಂಕಿ ಏರಿದರೆ ತೊಂದರೆ ರಿಂಗ್‌ನಲ್ಲಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್‌ನಲ್ಲಿದೆ.

ಇದೇ ಎಂಜಿನ್ನಿಂದ ಎಷ್ಟು ಹಿಂಡಬಹುದು? ಉತ್ತರ ಇಂಗ್ಲೆಂಡಿನಲ್ಲೇ ಇದೆ. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದು ಇದೇ 1489 ಸಿಸಿ ಎಂಜಿನ್. ಎರಡು ಎಸ್‌ಯು ಕಾರ್ಬುರೇಟರ್, ಹೆಚ್ಚಿನ ಕಂಪ್ರೆಷನ್, ಬೇರೆ ಕ್ಯಾಮ್‌ಶಾಫ್ಟ್ ಇಟ್ಟು ಅದರಿಂದ ಮೊದಲು 68, ಆಮೇಲೆ 72 ಹಾರ್ಸ್‌ಪವರ್ ತೆಗೆದರು. ಹಾಗಾಗಿ 60-65ರ ಆಸುಪಾಸಿನ ಆಸೆ ಅತಿಯಾಸೆ ಅಲ್ಲ. ಅದರಾಚೆಗೆ ಎರಡು ಗೋಡೆಗಳಿವೆ. ಒಂದು, ಈ ಹೆಡ್‌ನಲ್ಲಿ ನಾಲ್ಕು ಸಿಲಿಂಡರ್‌ಗೆ ಇರುವುದು ಐದೇ ಪೋರ್ಟ್. ಒಳಗೆ ಗಾಳಿ ಬರಲು ಇಬ್ಬಿಬ್ಬರಿಗೆ ಒಂದು ಬಾಗಿಲು, ಮಧ್ಯದ ಎರಡು ಸಿಲಿಂಡರ್‌ಗಳ ಹೊಗೆಗೂ ಒಂದೇ ಬಾಗಿಲು. ಎರಡು, ಕ್ರ್ಯಾಂಕ್‌ಗೆ ಮೂರೇ ಮೇನ್ ಬೇರಿಂಗ್. ಜಾಸ್ತಿ ಸುತ್ತಿಸಿದರೆ ಅದು ಸಹಿಸುವುದಿಲ್ಲ.

ಹೆಡ್ ಬಿಚ್ಚಿಸಿದಾಗ ಗಟ್ಟಿ ವಾಲ್ವ್ ಸೀಟ್ ಕೂರಿಸಲು ಮರೆಯಬೇಡಿ. ಸೀಸದ ಪೆಟ್ರೋಲ್ ಸಿಗುತ್ತಿದ್ದ ಕಾಲದ ಹೆಡ್ ಇದು. ಸೀಸವೇ ಸೀಟನ್ನು ಕಾಯುತ್ತಿತ್ತು. 2000ದಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಈಗ ಬಂಕ್‌ನಲ್ಲಿ ಸಿಗುವುದು ಶೇ. 20 ಎಥನಾಲ್ ಸೇರಿದ್ದು. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಅದನ್ನು ತಡೆಯುವುದಿಲ್ಲ, ಅವನ್ನೂ ಬದಲಿಸಿ.

ಈ ದಾರಿಯ ದೊಡ್ಡ ಲಾಭ ಆರ್‌ಸಿಯಲ್ಲಿ ಒಂದಕ್ಷರವೂ ಬದಲಾಗದಿರುವುದು. ವಾರಕ್ಕೊಮ್ಮೆ ತೆಗೆದು, ವರ್ಷಕ್ಕೆರಡು ಸಲ ಊರಿಗೆ ಹೋಗಿ ಬರುವವರಿಗೆ ಇಷ್ಟು ಧಾರಾಳ.

ಇಂಗ್ಲೆಂಡಿನಲ್ಲಿ ಮೋರಿಸ್ ಆಕ್ಸ್‌ಫರ್ಡ್ ಇಟ್ಟವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಎಂಜಿಎ ನಂತರ ಬಂದ ಎಂಜಿಬಿ ಕಾರಿನ 1798 ಸಿಸಿ ಎಂಜಿನ್ ಹಾಕುವುದುಂಟು. ಅದೂ ಬಿ-ಸೀರೀಸ್ ಮನೆತನದ್ದೇ. ಸ್ಟ್ರೋಕ್ ಎರಡಕ್ಕೂ 88.9 ಮಿ.ಮೀ., ಬೋರ್ ಮಾತ್ರ 73ರಿಂದ 80.26ಕ್ಕೆ ಏರಿದೆ. 95 ಹಾರ್ಸ್‌ಪವರ್ ಕೊಡುತ್ತದೆ. 1964ರ ಕೊನೆಯಿಂದ ಅದಕ್ಕೆ ಐದು ಬೇರಿಂಗ್ ಬಂತು. ಅಲ್ಲಿರುವ ಕನ್ನಡಿಗರ ಹತ್ತಿರ ಹಳೆಯ ಆಕ್ಸ್‌ಫರ್ಡ್ ಇದ್ದರೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಇಲ್ಲಿಗೆ ಅದನ್ನು ತರಿಸುವುದು ದುಡ್ಡಿದ್ದವರ ಹುಚ್ಚು, ಅಷ್ಟೇ.

ಇಸುಜು 1.8 ಪೆಟ್ರೋಲ್

ಕಂಪನಿಯೇ ಮಾಡಿದ ಎಂಜಿನ್ ಬದಲಾವಣೆ ಇದು. 1990ರ ದಶಕದ ಶುರುವಿನಲ್ಲಿ ಹಿಂದುಸ್ತಾನ್ ಮೋಟರ್ಸ್ ಅಂಬಾಸಿಡರ್‌ಗೆ ಜಪಾನಿನ ಇಸುಜು ವಿನ್ಯಾಸದ 1817 ಸಿಸಿ ಎಂಜಿನ್ ಹಾಕಿ '1800 ಐಎಸ್‌ಜೆಡ್' ಎಂದು ಮಾರಿತು. ಅದೇ ಕಂಪನಿಯ ಕಾಂಟೆಸ್ಸಾ ಕಾರಿನಲ್ಲಿ ಇದ್ದದ್ದೂ ಇದೇ ಕುಟುಂಬದ ಎಂಜಿನ್. ಕ್ಯಾಮ್ ಮೇಲ್ಗಡೆ, ಟೈಮಿಂಗ್‌ಗೆ ಚೈನ್, ಸುಮಾರು 75 ಹಾರ್ಸ್‌ಪವರ್. ಹಳೆಯದಕ್ಕೆ ಹೋಲಿಸಿದರೆ ಒಂದೂವರೆ ಪಟ್ಟು.

ನನಗೆ ಆ 75ಕ್ಕಿಂತ ಇಷ್ಟವಾಗುವುದು ಅದರ ಜೊತೆ ಬರುವ ಐದು ಗೇರ್‌ನ ಬಾಕ್ಸ್. ಹಳೆಯ ಗಾಡಿಯಲ್ಲಿ ಇರುವುದು ನಾಲ್ಕೇ ಗೇರ್. ಹಿಂದಿನ ಆಕ್ಸಲ್‌ನ ಗೇರ್ ಜೋಡಿಯಾದ ಕ್ರೌನ್-ಪಿನಿಯನ್ ಅನ್ನು ತೂಕ ಎಳೆಯಲೆಂದೇ ಲೆಕ್ಕ ಹಾಕಿ ಇಟ್ಟಿದ್ದಾರೆ. ಅದಕ್ಕೇ ಎಂಬತ್ತರಲ್ಲಿ ಎಂಜಿನ್ ಕಿರುಚುವುದು. ಐದನೇ ಗೇರ್ ಬಿದ್ದ ಕೂಡಲೇ ಎಂಜಿನ್ ಉಸಿರು ಬಿಡುತ್ತದೆ. ಹೆದ್ದಾರಿಯಲ್ಲಿ ನೆಮ್ಮದಿ ಕೊಡುವುದು ಅದೇ. ಸುಮ್ನೆ ದೊಡ್ಡ ಎಂಜಿನ್ ತಂದು ಹಳೆಯ ನಾಲ್ಕು ಗೇರ್‌ನ ಬಾಕ್ಸ್‌ಗೆ ಕಟ್ಟಿದರೆ ಗದ್ದಲ ಹಾಗೇ ಉಳಿಯುತ್ತದೆ, ಬಾಕ್ಸ್ ಮಾತ್ರ ಬೇಗ ಹೋಗುತ್ತದೆ.

ಕೊಳ್ಳುವುದಾದರೆ ಇಡೀ ಸೆಟ್ ಕೊಳ್ಳಿ: ಎಂಜಿನ್, ಬೆಲ್ ಹೌಸಿಂಗ್, ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಮೌಂಟಿಂಗ್, ರೇಡಿಯೇಟರ್, ಆಕ್ಸಿಲರೇಟರ್ ಕೇಬಲ್, ಸೈಲೆನ್ಸರ್‌ನ ಮುಂದಿನ ತುಂಡು. ಹಾಳಾಗಿ ನಿಂತ ಒಂದು ಪೂರ್ತಿ ಐಎಸ್‌ಜೆಡ್ ಗಾಡಿ ಸಿಕ್ಕರೆ ಇನ್ನೂ ಒಳ್ಳೆಯದು. ಬರೀ ಎಂಜಿನ್ ಅಗ್ಗಕ್ಕೆ ಸಿಕ್ಕಿತು ಎಂದು ತಂದವರು ಆಮೇಲೆ ಒಂದು ಬ್ರಾಕೆಟ್‌ಗೆ, ಒಂದು ಹೋಸ್‌ಗೆ ಬೆಂಗಳೂರಿನ ಜೆಸಿ ರಸ್ತೆಯ ಅಂಗಡಿ ಅಂಗಡಿ ಸುತ್ತಬೇಕಾಗುತ್ತದೆ. ಕಾಂಟೆಸ್ಸಾದಿಂದ ತೆಗೆದದ್ದಾದರೆ ಮೌಂಟಿಂಗ್, ಚೇಂಬರ್‌ನ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯ) ಆಕಾರ, ಗೇರ್ ಲಿವರ್ ಬರುವ ಜಾಗ ಮೂರನ್ನೂ ಅಳೆದ ಮೇಲೇ ದುಡ್ಡು ಕೊಡಿ.

ಎಂಜಿನ್ ತಣ್ಣಗಿರುವಾಗಲೇ ಹೋಗಿ ನೋಡಿ. ಮಾರುವವರು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಸ್ಟಾರ್ಟ್ ಆದಾಗ ಮುಂದಿನಿಂದ ಕಟಕಟ ಸದ್ದು ನಿಲ್ಲದೆ ಬಂದರೆ ಚೈನ್ ಸಡಿಲವಾಗಿದೆ. ಆಯಿಲ್ ಕ್ಯಾಪ್ ಒಳಗೆ ಹಾಲು ಕಾಫಿ ಬಣ್ಣದ ಕೆನೆ ಕಂಡರೆ ನೀರು ಸೇರಿರುವ ಅನುಮಾನ. ಕೊನೆಗೆ ಬ್ಲಾಕ್ ಮೇಲಿನ ನಂಬರ್ ಒರೆಸಿ ನೋಡಿ. ಗ್ರೈಂಡ್ ಮಾಡಿದ ಗುರುತಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಬಿಲ್ ಮತ್ತು ಮೂಲ ಗಾಡಿಯ ಆರ್‌ಸಿ ರದ್ದಾದ ದಾಖಲೆ ಇಲ್ಲದ ಎಂಜಿನ್ ಯಾರದ್ದೋ ಕಳವಿನ ಮಾಲಾಗಿರಬಹುದು.

ಇದಕ್ಕೂ ಒಂದು ಬೆಲೆ ಇದೆ. ಹಳೆಯ ಗಾಡಿಯ ಗೇರ್ ಸ್ಟೇರಿಂಗ್ ಪಕ್ಕದಲ್ಲಿರುತ್ತದೆ. ಇಸುಜು ಬಾಕ್ಸ್‌ನ ಲಿವರ್ ನೆಲದಿಂದ ಬರುತ್ತದೆ. ನೆಲದ ತಗಡು ಕತ್ತರಿಸಬೇಕು. ಮುಂದಿನ ಉದ್ದ ಸೀಟು ತೆಗೆದು ಎರಡು ಬಿಡಿ ಸೀಟು ಹಾಕಬೇಕು. ಅಪ್ಪ, ಅಮ್ಮ, ನಡುವೆ ಮಗು ಕೂತು ಹೋಗುತ್ತಿದ್ದ ಆ ಮುಂದಿನ ಸಾಲು ಹೋಯಿತು ಅಂತಲೇ ಲೆಕ್ಕ. ಕೆಲವರಿಗೆ ಅಂಬಾಸಿಡರ್ ಅಂದರೆ ಆ ಸೀಟೇ. ಅವರಿಗೆ ನಾನು ಒತ್ತಾಯ ಮಾಡುವುದಿಲ್ಲ.

ಆರ್‌ಸಿ ವಿಷಯ: ಐಎಸ್‌ಜೆಡ್ ಆಗಿಯೇ ನೋಂದಣಿಯಾದ ಗಾಡಿಗೆ ಇನ್ನೊಂದು ಇಸುಜು ಹಾಕುವುದಾದರೆ ಅದು ಅದೇ ಮಾದರಿಯ ಬದಲಿ, ಅರ್ಜಿ ಕೊಟ್ಟು ಕೇಳಬಹುದು. 1489 ಸಿಸಿ ಎಂದು ಬರೆದ ನೋವಾ ಅಥವಾ ಮಾರ್ಕ್ 4 ಮಾದರಿಯ ಅಂಬಾಸಿಡರ್‌ಗೆ 1817 ಸಿಸಿ ಹಾಕುವುದು ಬೇರೆ ಮಾತು. ಬಾಡಿ ಬಹುತೇಕ ಅದೇ, ಕಂಪನಿಯೂ ಅದೇ. ಆದರೂ ನಿಮ್ಮ ಚಾಸಿಸ್‌ಗೆ ಬರೆದ ವಿವರ ಬದಲಾಗುತ್ತದೆ. ಆರ್‌ಟಿಓದಿಂದ ಬರಹದಲ್ಲಿ ಒಪ್ಪಿಗೆ ಸಿಗುವ ತನಕ ಅಡ್ವಾನ್ಸ್ ಕೊಡಬೇಡಿ. ಸಿಗದಿದ್ದರೆ ಇಸುಜು ಇರುವ ಅಂಬಾಸಿಡರ್ ಒಂದನ್ನೇ ಹುಡುಕಿ ಕೊಳ್ಳುವುದು ಜಾಣತನ. ನಿಜ ಹೇಳಬೇಕೆಂದರೆ ಬಹಳ ಜನರಿಗೆ ನಾನು ಮೊದಲೇ ಹೇಳುವುದು ಇದನ್ನೇ. ಎಂಜಿನ್, ಕೂಲಿ, ಟಿಂಕರಿಂಗ್ ಎಲ್ಲ ಕೂಡಿಸಿ ನೋಡಿ, ಇಡೀ ಗಾಡಿಯ ಬೆಲೆಯ ಹತ್ತಿರ ಬಂದಿರುತ್ತದೆ.

ಡೀಸೆಲ್: ಬೇಡ

ಅಂಬಾಸಿಡರ್‌ಗೆ ಮುಖ್ಯವಾಗಿ ಎರಡು ಡೀಸೆಲ್ ಬಂದಿದ್ದವು. ಹಳೆಯ 1489 ಸಿಸಿಯದು 37 ಹಾರ್ಸ್‌ಪವರ್. ಅದನ್ನು ಮರೆತುಬಿಡಿ. ಇಸುಜು 1995 ಸಿಸಿಯದು 50ರ ಆಸುಪಾಸು, ಅಂದರೆ ನಿಮ್ಮ ಹಳೆಯ ಪೆಟ್ರೋಲ್‌ನಷ್ಟೇ. ಕೆಳಗಿನ ಸುತ್ತಿನಲ್ಲಿ ಚೆನ್ನಾಗಿ ಎಳೆಯುತ್ತದೆ, ಟ್ಯಾಕ್ಸಿಯವರು ಮೆಚ್ಚಿದ್ದು ಅದಕ್ಕೇ. ಆದರೆ ಮುಂಭಾಗ ಭಾರ, ನಿಂತಾಗ ನಡುಕ, ಮೇಲಿಂದ ಆರ್‌ಸಿಯಲ್ಲಿ ಇಂಧನವೂ ಬದಲಾಗಬೇಕು. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಪಾಡು ನೋಡಿದ ಮೇಲೂ ಪೆಟ್ರೋಲ್ ಗಾಡಿಯನ್ನು ಡೀಸೆಲ್ ಮಾಡಿಸುವುದು ಯಾಕೆ?

ಜಿಪ್ಸಿ ಎಂಜಿನ್ ಮತ್ತು ಇತರ ಹೊಸ ಆಸೆಗಳು

ಹಿಂದಿನ ಚಕ್ರ ತಿರುಗುವ ಹಳೆಯ ಕಾರಿಗೆ ಎಂಜಿನ್ ಉದ್ದಕ್ಕೆ ಕೂರಬೇಕು. ಇವತ್ತಿನ ಹೆಚ್ಚಿನ ಕಾರುಗಳದ್ದು ಅಡ್ಡಕ್ಕೆ ಕೂರುತ್ತದೆ. ಹಳೆಯ ಹೋಂಡಾ ಸಿಟಿಯ ಎಂಜಿನ್ ಮೇಲೆ ಕಣ್ಣಿಡುವವರಿಗೆ ಒಂದು ಮಾತು: ಆ ಡಿ-ಸೀರೀಸ್ ಎಂಜಿನ್ ಬೇರೆಯವಕ್ಕೆ ಉಲ್ಟಾ ದಿಕ್ಕಿಗೆ ತಿರುಗುತ್ತದೆ. ಸಾಮಾನ್ಯ ಗೇರ್‌ಬಾಕ್ಸ್‌ಗೆ ಕಟ್ಟಿದರೆ ಮುಂದಕ್ಕೆ ಒಂದೇ ಗೇರ್, ಹಿಂದಕ್ಕೆ ಐದು!

ಜಿಪ್ಸಿಯದು ಹಾಗಲ್ಲ. 1298 ಸಿಸಿ, ಹದಿನಾರು ವಾಲ್ವ್, ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್), 80 ಹಾರ್ಸ್‌ಪವರ್. ಬ್ಲಾಕ್ ಅಲ್ಯೂಮಿನಿಯಂ, ಉದ್ದಕ್ಕೆ ಕೂರುತ್ತದೆ, ಐದು ಗೇರ್ ಇದೆ. ಫೋರ್-ವೀಲ್‌ನ ಟ್ರಾನ್ಸ್‌ಫರ್ ಕೇಸ್ ಬೇರೆಯೇ ಇರುವುದರಿಂದ ಅದನ್ನು ಬಿಟ್ಟು ಗೇರ್‌ಬಾಕ್ಸ್ ಮಾತ್ರ ಬಳಸಬಹುದು. ಇಷ್ಟು ಕೇಳಿದರೆ ಹೇಳಿ ಮಾಡಿಸಿದ ಹಾಗಿದೆ. ಈಗ ಇನ್ನೊಂದು ಅಂಕಿ ನೋಡಿ. ಅದರ ಟಾರ್ಕ್, ಅಂದರೆ ಎಳೆಯುವ ಬಲ, ಸುಮಾರು 103 ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ 4500 ಸುತ್ತಿನಲ್ಲಿ. ಬಿ-ಸೀರೀಸ್ ಇಷ್ಟೇ ಆಸುಪಾಸಿನ ಎಳೆತವನ್ನು ಅದಕ್ಕಿಂತ ಕಡಿಮೆ ಸುತ್ತಿನಲ್ಲೇ ಕೊಡುತ್ತದೆ. ಐದು ಜನ, ಡಿಕ್ಕಿ ತುಂಬ ಸಾಮಾನು ಇಟ್ಟುಕೊಂಡು ಚಾರ್ಮಾಡಿ ಹತ್ತುವಾಗ ಬೇಕಾಗುವುದು ಕೆಳಗಿನ ಎಳೆತ. 80 ಎಂಬ ಅಂಕಿ 6000 ಸುತ್ತಿನಲ್ಲಿ ಸಿಗುವಂಥದ್ದು. ಅಂಬಾಸಿಡರ್ ಅನ್ನು ಹಾಗೆ ಯಾರು ಓಡಿಸುತ್ತಾರೆ? ಈ ಎಂಜಿನ್ ಒಪ್ಪುವುದು ಹಗುರವಾದ ಪ್ರೀಮಿಯರ್ ಪದ್ಮಿನಿಗೆ. ಅದರ ಹಳೆಯ ಎಂಜಿನ್ 1089 ಸಿಸಿ ಮಾತ್ರ.

ಇಂಜೆಕ್ಷನ್ ಎಂಜಿನ್ ಅಂದರೆ ಕೆಲಸ ಎಂಜಿನ್ನಿಗೇ ಮುಗಿಯುವುದಿಲ್ಲ. ಕಾರ್ಬುರೇಟರ್‌ಗೆ ಅರ್ಧ ಬಾರ್‌ಗಿಂತ ಕಡಿಮೆ ಒತ್ತಡದಲ್ಲಿ ಪೆಟ್ರೋಲ್ ಬಂದರೆ ಸಾಕು. ಇಂಜೆಕ್ಷನ್‌ಗೆ 3 ಬಾರ್ ಹತ್ತಿರ ಬೇಕು. ಹೊಸ ಪಂಪು, ಒತ್ತಡ ತಡೆಯುವ ಪೈಪು, ಟ್ಯಾಂಕ್‌ಗೆ ವಾಪಸ್ ಲೈನು, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು, ಸೆನ್ಸರ್‌ಗಳು, ಇಡೀ ವೈರಿಂಗ್. ಡೈನಮೋ ಇದ್ದರೆ ಅದನ್ನೂ ತೆಗೆದು ಆಲ್ಟರ್ನೇಟರ್ ಹಾಕಬೇಕು. ವೈರಿಂಗ್‌ನವರು ಮತ್ತು ಮೆಕ್ಯಾನಿಕ್ ಒಂದೇ ಗ್ಯಾರೇಜಿನಲ್ಲಿ ಇಲ್ಲದಿದ್ದರೆ "ಅದು ಅವರ ಕೆಲಸ" ಎನ್ನುವ ಮಾತು ದಿನಾ ಕೇಳಬೇಕು.

ಕೂರಿಸುವ ಹಂತದಲ್ಲಿ ಎರಡು ಅಳತೆ ನೀವೇ ನಿಂತು ನೋಡಿ. ಬಾನೆಟ್‌ಗೂ ಎಂಜಿನ್‌ಗೂ ಎಷ್ಟು ಜಾಗವಿದೆ ಎಂದು ತಿಳಿಯಲು ಎಂಜಿನ್‌ನ ಎತ್ತರದ ಭಾಗಗಳ ಮೇಲೆ ಹಸಿ ಜೇಡಿಮಣ್ಣಿನ ಉಂಡೆ ಇಡಿ, ಬಾನೆಟ್ ಮೆಲ್ಲಗೆ ಮುಚ್ಚಿ ತೆಗೆಯಿರಿ. ಉಂಡೆ ಚಪ್ಪಟೆಯಾಗಿ ಉಳಿದ ದಪ್ಪವೇ ಅಲ್ಲಿರುವ ಜಾಗ. ಎಂಜಿನ್ ಓಡುವಾಗ ಅಲುಗುತ್ತದೆ, ಹಾಗಾಗಿ ಎರಡು ಬೆರಳಾದರೂ ಬೇಕು. ಎರಡನೆಯದು ಗೇರ್‌ಬಾಕ್ಸ್‌ನ ಹಿಂದಿನ ತುದಿಯ ಕೋನ. ಫೋನಿನ ಲೆವೆಲ್ ಆ್ಯಪ್ ಇಟ್ಟು ಅದನ್ನೂ ಹಿಂದಿನ ಪಿನಿಯನ್ ಕೋನವನ್ನೂ ಹೋಲಿಸಿ. ಎರಡೂ ಸಮಾನಾಂತರವಾಗಿ ಇರದಿದ್ದರೆ ಒಂದು ವೇಗ ದಾಟಿದ ಮೇಲೆ ಇಡೀ ಗಾಡಿ ನಡುಗುತ್ತದೆ. ಅದಕ್ಕೆ ಜನ ಟೈರ್ ಬ್ಯಾಲೆನ್ಸ್ ಮಾಡಿಸುತ್ತಲೇ ಇರುತ್ತಾರೆ.

ಮೊದಲೇ ಹೇಳಿದ ಹಾಗೆ ಇದಕ್ಕೆ ಆರ್‌ಸಿ ಒಪ್ಪಿಗೆಯ ದಾರಿ ಕಾಣುವುದಿಲ್ಲ. ರಸ್ತೆಗೆ ಇಳಿಸದೆ ಟ್ರ್ಯಾಕ್‌ನಲ್ಲಷ್ಟೇ ಓಡಿಸುವವರ ಆಟ ಇದು.

ಎಲೆಕ್ಟ್ರಿಕ್ ಮಾಡಿಸುವುದರಲ್ಲಿ ಕಾನೂನಿನ ದಾರಿ ಇದೆ. ಪುಣೆಯ ಎಆರ್‌ಎಐ ಥರದ ಸಂಸ್ಥೆ ಪರೀಕ್ಷಿಸಿ ಒಪ್ಪಿದ ಕಿಟ್ ಆಗಿರಬೇಕು. ನಿಮ್ಮ ಮಾದರಿಗೆ ಒಪ್ಪಿಗೆ ಇರುವ ಪತ್ರವನ್ನು ಮಾರುವವರಿಂದ ಕೇಳಿ ಪಡೆಯಿರಿ. ಊರೊಳಗೆ ಚೆನ್ನಾಗಿಯೇ ಓಡುತ್ತದೆ. ನನಗೆ ಮಾತ್ರ ಆ ಸದ್ದಿಲ್ಲದ ಅಂಬಾಸಿಡರ್ ಮೇಲೆ ಮನಸ್ಸಿಲ್ಲ. ಇದು ರುಚಿಯ ಮಾತು, ವಾದಕ್ಕೆ ಬರುವುದಿಲ್ಲ.

ಎಂಜಿನ್‌ಗಿಂತ ಮೊದಲು ಬ್ರೇಕ್

ಯಾವುದನ್ನೇ ಆರಿಸಿದರೂ ದುಡ್ಡಿನ ಮೊದಲ ಕಂತು ಇಲ್ಲಿಗೆ ಹೋಗಲಿ. ಹಳೆಯ ಅಂಬಾಸಿಡರ್‌ನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಎಂಬತ್ತರಿಂದ ನೂರಕ್ಕೆ ವೇಗ ಏರಿದರೆ ಜಾಸ್ತಿಯಾದದ್ದು ಬರೀ ಇಪ್ಪತ್ತು ಅನಿಸುತ್ತದೆ. ಆದರೆ ಬ್ರೇಕ್ ತಿನ್ನಬೇಕಾದ ಶಕ್ತಿ ಶೇ. 56 ಏರಿರುತ್ತದೆ. ಡ್ರಮ್ ಬಿಸಿಯಾದರೆ ಪೆಡಲ್ ತುಳಿದರೂ ಗಾಡಿ ನಿಲ್ಲುವುದಿಲ್ಲ, ಘಾಟಿ ಇಳಿದವರಿಗೆ ಇದು ಗೊತ್ತು. ನಂತರದ ಅಂಬಾಸಿಡರ್‌ಗಳ ಮುಂದಿನ ಡಿಸ್ಕ್, ಸರ್ವೋ (ಪೆಡಲ್ ತುಳಿತಕ್ಕೆ ಬಲ ಕೊಡುವ ಭಾಗ) ಸೆಟ್ ಸಿಗುತ್ತದೆಯೇ ನೋಡಿ, ಎಂಜಿನ್ ಕೆಲಸಕ್ಕೂ ಮೊದಲು ಹಾಕಿಸಿ. ಜೊತೆಗೆ ಹಿಂದಿನ ಪಟ್ಟಿ ಸ್ಪ್ರಿಂಗ್, ಅದರ ಶ್ಯಾಕಲ್ ಬುಶ್, ರೇಡಿಯೇಟರ್ ಕೋರ್. ದೊಡ್ಡ ಎಂಜಿನ್ ಹಾಕಿ ಹಳೆಯ ರೇಡಿಯೇಟರ್ ಉಳಿಸಿದ ಗಾಡಿ ಏಪ್ರಿಲ್ ತಿಂಗಳ ಟ್ರಾಫಿಕ್‌ನಲ್ಲಿ ಬಾಯ್ಲ್ ಆಗದೆ ಇರುವುದಿಲ್ಲ.

ಗ್ಯಾರೇಜಿನವರ ಜೊತೆ ಮಾತು ಮುಗಿಸುವಾಗ ಹಳೆಯ ಎಂಜಿನ್ ಯಾರಿಗೆ ಎಂಬುದನ್ನೂ ಬರೆಸಿಕೊಳ್ಳಿ. "ಗುಜರಿಗೆ ಹಾಕ್ತೀವಿ, ಬಿಲ್‌ನಲ್ಲಿ ಕಳೀತೀವಿ" ಅಂತಾರೆ. ಒಪ್ಪಬೇಡಿ. ನಿಮ್ಮ ಮೂಲ ಆರ್‌ಸಿಯಲ್ಲಿರುವ ನಂಬರ್ ಇರುವುದು ಆ ಕಬ್ಬಿಣದ ಮೇಲೆ. ನಾಳೆ ಮಾರುವಾಗ, ಅಥವಾ ಗಾಡಿಗೆ ಐವತ್ತು ತುಂಬಿ ಮೂಲ ರೂಪಕ್ಕೆ ತರಬೇಕೆನಿಸಿದಾಗ ಅದು ಬೇಕಾಗುತ್ತದೆ. ಪ್ಲಗ್ ತೂತಿನೊಳಗೆ ಆಯಿಲ್ ಬಿಟ್ಟು, ಪ್ಲಗ್ ತಿರುಗಿಸಿ ಮುಚ್ಚಿ, ತೆರೆದ ಬಾಯಿಗಳಿಗೆಲ್ಲ ಬಟ್ಟೆ ತುರುಕಿ, ನೆಲಕ್ಕೆ ತಾಗದ ಹಾಗೆ ಮರದ ದಿಮ್ಮಿ ಮೇಲೆ ಇಡಿ. ಕೆಲವು ತಿಂಗಳಿಗೊಮ್ಮೆ ಮುಂದಿನ ಪುಲ್ಲಿ ನಟ್‌ಗೆ ಸ್ಪ್ಯಾನರ್ ಹಾಕಿ ಎರಡು ಸುತ್ತು ತಿರುಗಿಸಿದರೆ ರಿಂಗ್ ಹಿಡಿದುಕೊಳ್ಳುವುದಿಲ್ಲ.